ಹೆಣ್ಣು ಹಸೆಗೆ ಬರುವ ಹೊತ್ತಿನ ವಾಲಗ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಮಿತಿಯವರು ನನಗೆ ಫೋನ್ ಮಾಡಿ, "ನೀನು ಬಿ.ಇ. ಓದಿ ಸಾಫ್ಟ್‌ವೇರ್‌ನಲ್ಲಿದ್ದೀಯ, ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಪ್ಪ" ಅಂದರು. ಅದನ್ನು ಈ ಮಕ್ಕಳು ನನಗಿಂತ ಚೆನ್ನಾಗಿ ಫೋನಿನಲ್ಲೇ ಕಲಿತುಕೊಳ್ಳುತ್ತಾರೆ ಸಾರ್, ನಾನು ಮದುವೆ ವಾಲಗದ ಬಗ್ಗೆ ಮಾತಾಡಲೇ ಅಂತ ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಊಟದ ಹೊತ್ತು ಮೀರಬಾರದು" ಅಂದರು. ಮೀರಿಸುವುದಿಲ್ಲ.

ನಾನು ಇಲ್ಲಿಂದ ಎಸ್ಸೆಸ್ಸೆಲ್ಸಿ ಮುಗಿಸಿದ್ದು 2004ರಲ್ಲಿ. ಆಗ ಮದುವೆ ಮೆರವಣಿಗೆ ರಸ್ತೆಯಲ್ಲಿ ಬಂದರೆ ಪಾಠ ನಮ್ಮ ಕಿವಿಗೆ ಬೀಳುತ್ತಿರಲಿಲ್ಲ. ಮಧ್ಯಾಹ್ನ ಬಿಡುವಿನಲ್ಲಿ ಬಂದರಂತೂ ಓಡಿಹೋಗಿ ವಾಲಗದವರ ಮುಂದೆ ಸಾಲಾಗಿ ನಿಂತು ಹುಣಸೆಹಣ್ಣು ಚೀಪುತ್ತಿದ್ದೆವು. ನೋಡಿದವರ ಬಾಯಲ್ಲಿ ನೀರೂರಿ ಊದುವುದು ನಿಂತೇ ಹೋಗುತ್ತದೆ ಅಂತ ನಮ್ಮ ನಂಬಿಕೆ. ಯಾರದ್ದೂ ನಿಂತದ್ದನ್ನು ನಾನು ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಊದುತ್ತಿದ್ದರು, ಅಷ್ಟೆ. ಇಲ್ಲಿ ನಗುತ್ತಿರುವವರೆಲ್ಲ ಆ ಸಾಲಿನಲ್ಲಿ ನಿಂತವರೇ ಅಂತ ನನಗೆ ಗೊತ್ತು.

ಆ ಸಾಲಿಗೆ ಬಾರದವನು ಒಬ್ಬನಿದ್ದ, ನನ್ನ ಬೆಂಚಿನಲ್ಲೇ ಕೂರುತ್ತಿದ್ದವನು. ಹೆಸರು ಹೇಳಿದರೆ ನಾಚಿಕೊಂಡು ಎದ್ದು ಹೋಗುತ್ತಾನೆ, ಆದ್ದರಿಂದ ಹೇಳುವುದಿಲ್ಲ. ಊದುತ್ತಿದ್ದವರು ಅವನ ಅಪ್ಪ. ಮಾಘ ಮಾಸದಲ್ಲಿ ರಾತ್ರಿಯೆಲ್ಲ ಶ್ರುತಿಪೆಟ್ಟಿಗೆ ಒತ್ತಿ, ಬೆಳಗಿನ ಮುಹೂರ್ತ ಮುಗಿಸಿ, ಮೊದಲ ಬಸ್ಸಿಗೆ ಬಂದು ಅವನು ಕ್ಲಾಸಿನಲ್ಲಿ ತೂಕಡಿಸುತ್ತಿದ್ದ. ನಮ್ಮ ಕನ್ನಡ ಮೇಷ್ಟ್ರು ಅವನನ್ನು ಕೊನೆಯ ಬೆಂಚಿಗೆ ಕಳಿಸಿ, "ಅರ್ಧ ಗಂಟೆ ಮಲಗು, ಆಮೇಲೆ ಎಬ್ಬಿಸ್ತೀನಿ" ಅನ್ನುತ್ತಿದ್ದರು. ಎಬ್ಬಿಸುತ್ತಲೂ ಇದ್ದರು. ಆ ಮೇಷ್ಟ್ರು ಇವತ್ತು ವೇದಿಕೆಯ ಮೇಲಿದ್ದಾರೆ.

ಈಗಿನ ಮಕ್ಕಳಿಗಾಗಿ ಹಳೆಯ ಮದುವೆಯ ಸಂಗತಿ ಸ್ವಲ್ಪ ಹೇಳಬೇಕು. ನನ್ನ ಅಜ್ಜಿ ನಂದಗುಡಿ ಕಡೆಯವರು. ಅವರ ಕಾಲಕ್ಕೆ ನಮ್ಮ ಮನೆಗಳಲ್ಲಿ ಮದುವೆ ನಡೆಯುತ್ತಿದ್ದದ್ದು ಗಂಡಿನ ಮನೆಯ ಮುಂದೆ, ಚಪ್ಪರದಲ್ಲಿ. ಹೆಣ್ಣಿನ ಕಡೆಯವರು ಗಾಡಿ ಕಟ್ಟಿಕೊಂಡು ಬಂದು ಊರ ಮುಂದಿನ ಗುಡಿಯ ಹತ್ತಿರ ಇಳಿಯುತ್ತಿದ್ದರು. ಗಂಡಿನವರು ಪಾನಕ ಹಿಡಿದು, ವಾಲಗ ಮುಂದೆ ಮಾಡಿಕೊಂಡು ಎದುರುಗೊಳ್ಳಲು ಹೋಗುತ್ತಿದ್ದರು. ಹೆಣ್ಣು ಬರುವುದು ಅಂದರೆ ಆಗ ಊರೊಳಕ್ಕೆ ಬರುವುದು. ಮನೆಯೊಳಗೆ ರೊಟ್ಟಿ ತಟ್ಟುತ್ತಿದ್ದವರಿಗೂ, ಹೊಲದಲ್ಲಿದ್ದವರಿಗೂ ಹೆಣ್ಣು ಎಲ್ಲಿವರೆಗೆ ಬಂದಳು ಅಂತ ವಾಲಗದ ಸದ್ದಿನ ಮೇಲೆ ತಿಳಿಯುತ್ತಿತ್ತು. ಈಗ ನಮ್ಮ ಡೆಲಿವರಿ ಹುಡುಗರು ಎಲ್ಲಿದ್ದಾರೆ ಅಂತ ಫೋನಿನಲ್ಲಿ ಚುಕ್ಕಿ ನೋಡುತ್ತೇವಲ್ಲ, ಹಾಗೆ.

ಎರಡನೆಯ ಬರುವಿಕೆ ಮುಹೂರ್ತದ್ದು. ಕೋಣೆಯಿಂದ ಹಸೆಮಣೆಗೆ ನಾಲ್ಕು ಮಾರು ದೂರ. ಸೋದರಮಾವ ಕೈಹಿಡಿದು ಕರೆತರಬೇಕು. ಕೆಲವರ ಮನೆಯಲ್ಲಿ ಎತ್ತಿಕೊಂಡೇ ಬರುವುದುಂಟು. ಹಣೆಗೆ ಬಾಸಿಂಗ, ಕೈಯಲ್ಲಿ ತೆಂಗಿನಕಾಯಿ, ತಗ್ಗಿಸಿದ ತಲೆ. ಈ ನಾಲ್ಕು ಮಾರಿಗೆ ಎರಡು ಸಂಗೀತ. ಮುಂದೆ ವಾಲಗ, ಹಿಂದೆ ಹೆಂಗಸರ ಸೋಬಾನೆ. ಹೆಣ್ಣನ್ನು ಹಸೆಗೆ ಕರೆಯುವ ಪದವೇ ಬೇರೆ ಇತ್ತು. ಒಬ್ಬರು ಹೇಳಬೇಕು, ಉಳಿದವರು ಸೊಲ್ಲು ಹಿಡಿಯಬೇಕು. ಅಜ್ಜಿಯ ಪದಗಳಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ನಮ್ಮ ಸೀಮೆಯೇ ಹಾಗಲ್ಲವೇ. ವಾಲಗದವರೂ ತ್ಯಾಗರಾಜರ 'ಸೀತಾ ಕಲ್ಯಾಣ'ವನ್ನು ಬಿಟ್ಟ ಮದುವೆ ಕಡಿಮೆ. ಅದರ ಭಾಷೆ ಯಾವುದು ಅಂತ ಇಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಮಾಧ್ವರ ಮನೆಗಳಲ್ಲಿ ವಾದಿರಾಜರ 'ಲಕ್ಷ್ಮೀ ಶೋಭಾನೆ' ಹೇಳುತ್ತಾರೆ. ಅದೂ ಒಬ್ಬ ಮದುಮಗಳು ಬಂದು ಹಾರ ಹಾಕುವ ಕಥೆಯೇ. ಕಡಲು ಕಡೆದಾಗ ಎದ್ದು ಬಂದ ಲಕ್ಷ್ಮಿ ವಿಷ್ಣುವನ್ನು ವರಿಸುವುದು.

ಈಗ ನನ್ನ ತಪ್ಪಿಗೆ ಬರುತ್ತೇನೆ.

2017ರ ಮೇ ತಿಂಗಳಲ್ಲಿ ನನ್ನ ತಂಗಿಯ ಮದುವೆ, ಹೊಸಕೋಟೆಯ ಒಂದು ಛತ್ರದಲ್ಲಿ. ದುಡಿಯುತ್ತಿದ್ದವನು ನಾನು, ಖರ್ಚು ನನ್ನದು, ಹಾಗಾಗಿ ಯಜಮಾನಿಕೆಯೂ ನನ್ನದು. ಆ ಹೊತ್ತಿಗೆ ಆಫೀಸಿನ ಗೆಳೆಯರ ಮದುವೆಗಳಲ್ಲಿ 'ಬ್ರೈಡಲ್ ಎಂಟ್ರಿ' ನೋಡಿ ಬಂದಿದ್ದೆ. ಹೂವಿನ ಚಪ್ಪರವನ್ನು ನಾಲ್ಕು ಕೋಲಿನ ಮೇಲೆ ಹಿಡಿದುಕೊಂಡು ತಮ್ಮಂದಿರು ಬರುವುದು, ಗೆಳತಿಯರು ಕಪ್ಪು ಕನ್ನಡಕ ಹಾಕಿ ಕುಣಿಯುತ್ತ ಮುಂದೆ ಬರುವುದು, ಸ್ಪೀಕರಿನಲ್ಲಿ ಸಿನಿಮಾ ಹಾಡು. ನಮ್ಮ ತಂಗಿಗೂ ಆಗಲಿ ಅಂದುಕೊಂಡೆ. ತಪ್ಪು ಹಾಡಿನಲ್ಲಿ ಇರಲಿಲ್ಲ. ವಾಲಗಕ್ಕೆ ಒಪ್ಪಿಸಿದ್ದದ್ದು ಇದೇ ಗೆಳೆಯನ ಅಪ್ಪನಿಗೆ. ಹಿಂದಿನ ಸಂಜೆಯಿಂದ ಅವರೇ ಊದುತ್ತಿದ್ದರು. ಬೆಳಿಗ್ಗೆ ನಾನು ಹೋಗಿ, "ಎಂಟ್ರಿಗೆ ನೀವು ಬೇಡಿ, ಮುಹೂರ್ತಕ್ಕೆ ಊದಿದರೆ ಸಾಕು" ಅಂದೆ. ಅವರು "ಆಯ್ತು ಬಿಡಪ್ಪ" ಅಂದು ನಾದಸ್ವರವನ್ನು ಬಟ್ಟೆಚೀಲದಲ್ಲಿ ಇಟ್ಟರು.

ಹಾಡಿನ ಉದ್ದ ಮೂರು ನಿಮಿಷ ನಲವತ್ತು ಸೆಕೆಂಡು. ಹುಡುಗಿಯರು ಕುಣಿದು ಮುಂದೆ ಬಂದರು. ತಂಗಿ ಬಾಗಿಲು ದಾಟುವಾಗ ಅವಳ ಜಡೆಯ ಕುಚ್ಚು ಹೂವಿನ ಚಪ್ಪರದ ತಂತಿಗೆ ಸಿಕ್ಕಿಕೊಂಡಿತು. ಬಿಡಿಸುವ ಹೊತ್ತಿಗೆ ಹಾಡು ಮುಗಿಯಿತು. ಫೋನು ತನ್ನ ಪಾಡಿಗೆ ಮುಂದಿನದಕ್ಕೆ ಹೋಯಿತು. ಮೊದಲು ಬಂದದ್ದು ಜಾಹೀರಾತು. ಗಂಡಸರ ಬನಿಯನ್ನಿನದು. ಐನೂರು ಜನರ ಮುಂದೆ, ಅಷ್ಟು ದೊಡ್ಡ ಸ್ಪೀಕರಿನಲ್ಲಿ.

ಜನ ನಕ್ಕರು. ನಾನೂ ಈಗ ನಗುತ್ತೇನೆ. ಆಗ ತಂಗಿಯ ಮುಖ ನೋಡಲಾಗಲಿಲ್ಲ. ಯಾರೋ ಸ್ಪೀಕರ್ ಆರಿಸಿದರು. ಛತ್ರ ತುಂಬ ಮೌನ, ನಡುದಾರಿಯಲ್ಲಿ ಮದುಮಗಳು. ವಾಲಗದ ಯಜಮಾನರು ಚೀಲದ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ಒಂದು ಸನ್ನೆ ಮಾಡಿದ್ದರೆ ಸಾಕಿತ್ತು. ಬೇಡ ಅಂದ ಬಾಯಲ್ಲಿ ಊದಿ ಅನ್ನಲಾಗದೆ ನಾನು ಮುಖ ತಿರುಗಿಸಿಬಿಟ್ಟೆ. ಬೇಡ ಅಂದದ್ದರಿಂದ ಅವರೂ ಊದಲಿಲ್ಲ. ಕೊನೆಗೆ ನಮ್ಮ ಸೋದರಮಾವ, "ಊದ್ರಪ್ಪ, ಏನ್ ನೋಡ್ತಾ ಇದೀರಿ!" ಅಂತ ಕೂಗಿದ ಮೇಲೆ ಡೋಲು ಎದ್ದಿತು, ತಂಗಿ ನಡೆದಳು.

ಮುಹೂರ್ತ ಚೆನ್ನಾಗಿಯೇ ಆಯಿತು. ಮಧ್ಯಾಹ್ನ ಮೂರೂವರೆಗೆ ಲೆಕ್ಕ ಚುಕ್ತಾ ಮಾಡಲು ಹೋದಾಗ ವಾಲಗದವರು ಇನ್ನೂ ಊಟ ಮಾಡಿರಲಿಲ್ಲ. ಪ್ರತಿ ಪಂಕ್ತಿಗೂ ಯಾರೋ ಒಬ್ಬರು "ಮುಂದಿನದಕ್ಕೆ ಕೂತ್ಕೊಳಿ" ಅಂದಿದ್ದರಂತೆ. ಹೋಳಿಗೆ ಮುಗಿದಿತ್ತು.

ಒಂದು ವಾರ ಬಿಟ್ಟು ಗೆಳೆಯನ ಅಂಗಡಿಗೆ ಹೋದೆ. ಅವನಿಗೆ ಹೊಸಕೋಟೆಯಲ್ಲಿ ಹೇರ್‌ಕಟಿಂಗ್ ಸಲೂನ್ ಇದೆ, ಮದುವೆ ತಿಂಗಳಲ್ಲಿ ಅಪ್ಪನ ಜೊತೆ ಡೋಲಿಗೆ ಹೋಗುತ್ತಾನೆ. ನಮ್ಮ ಕಡೆ ವಾಲಗ ಉಳಿಸಿಕೊಂಡು ಬಂದಿರುವವರಲ್ಲಿ ಹೆಚ್ಚಿನವರು ಸವಿತಾ ಸಮಾಜದವರು. ಕತ್ತರಿಯೂ ವಾದ್ಯವೂ ಒಂದೇ ಮನೆಯಲ್ಲಿ. ಕ್ಷಮೆ ಕೇಳಲು ಹೋದವನು ನಾನು. ಅವನು ಕುರ್ಚಿ ತೋರಿಸಿ, "ಕೂತ್ಕೋ, ತಲೆ ಕೂದಲು ಬೆಳೆದಿದೆ" ಅಂದ. ಕತ್ತರಿಸುತ್ತಲೇ ಮಾತಾಡಿದ. ಆ ದಿನದಿಂದ ಶುರುವಾಗಿ, ಎಷ್ಟೋ ಭಾನುವಾರ ಅವರ ಮನೆಯಲ್ಲಿ ಕೂತು ತಿಳಿದುಕೊಂಡದ್ದನ್ನು ಈಗ ಹೇಳುತ್ತೇನೆ.

ನಾದಸ್ವರ ಎರಡೂವರೆ ಅಡಿಯ ಮರದ ಕೊಳವೆ, ಕೆಳಗೆ ಅಗಲವಾದ ಬಾಯಿ. ಬೆರಳಾಡಿಸಲು ಏಳು ರಂಧ್ರ. ಅದರ ಕೆಳಗೆ ಇನ್ನೂ ಕೆಲವು ರಂಧ್ರಗಳಿವೆ. ಅವು ಬೆರಳಿಗಲ್ಲ. ಮೇಣ ತುಂಬಿ ಸ್ವರ ಸರಿಮಾಡಿಕೊಳ್ಳಲು. ಊದುವ ತುದಿಗೆ ಜೊಂಡಿನಿಂದ ಮಾಡಿದ ಚಿಕ್ಕ ಸೀವಾಳಿ. ಅದರ ಪಕ್ಕದಲ್ಲೇ ದಾರಕ್ಕೆ ಕಟ್ಟಿ ಇನ್ನೆರಡು ಸೀವಾಳಿ, ಒಂದು ಕಡ್ಡಿ ನೇತಾಡುತ್ತಿರುತ್ತವೆ. ಚಿಕ್ಕವನಿದ್ದಾಗ ಅದು ಅಲಂಕಾರ ಅಂದುಕೊಂಡಿದ್ದೆ. ಒಂದು ಕೈಕೊಟ್ಟರೆ ಇನ್ನೊಂದು ಅಂತ ಇಟ್ಟುಕೊಂಡಿರುವುದು. ನಮ್ಮ ಸರ್ವರ್‌ಗಳಿಗೂ ಹೀಗೆಯೇ ಎರಡನೆಯದನ್ನು ಸಿದ್ಧ ಇಡುತ್ತೇವೆ, ಅದಕ್ಕೆ ಸಂಬಳವೂ ಕೊಡುತ್ತಾರೆ. ವಾದ್ಯ ಬರುವುದು ತಮಿಳುನಾಡಿನಿಂದ. ತಂಜಾವೂರು ಜಿಲ್ಲೆಯ ನರಸಿಂಗಂಪೇಟೆಯ ನಾದಸ್ವರಕ್ಕೆ 2022ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ, ನಮ್ಮ ಮೈಸೂರು ರೇಷ್ಮೆಗೆ ಸಿಕ್ಕ ಹಾಗೆ. ಡೋಲು ಹಲಸಿನ ಮರದ್ದು. ಒಂದು ಕಡೆ ಕೋಲು, ಇನ್ನೊಂದು ಕಡೆ ಬೆರಳು. ಆ ಬೆರಳುಗಳಿಗೆ ತೊಡುವ ಕವಚವನ್ನು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಬಟ್ಟೆಯ ಪಟ್ಟಿಗೆ ಅಕ್ಕಿಯ ಗಂಜಿ ಹಚ್ಚಿ ಸುತ್ತಿ, ಕಲ್ಲಿನಂತಾಗುವವರೆಗೆ ಒಣಗಿಸುವುದು. ಒಮ್ಮೆ ಹತ್ತು ಅಡಿ ದೂರದಲ್ಲಿ ನಿಂತು ಫೋನಿನಲ್ಲಿ ಸದ್ದು ಅಳೆದೆ. ನೂರು ಡೆಸಿಬೆಲ್ಲಿನ ಹತ್ತಿರ ತೋರಿಸಿತು, ಮೈಕಿಲ್ಲದೆ. ಬಯಲಿನ ವಾದ್ಯ ಅದು. ಅದನ್ನು ಛತ್ರದೊಳಗೆ ಕೂರಿಸಿ ಮುಂದೊಂದು ಮೈಕ್ ಇಟ್ಟು ಆಮೇಲೆ ತಲೆನೋವು ಅನ್ನುವುದು ನಮ್ಮದೇ ಬುದ್ಧಿ.

ಆದರೆ ನನಗೆ ಅಚ್ಚರಿಯಾದದ್ದು ವಾದ್ಯದಿಂದಲ್ಲ. ಅಪ್ಪ ಯಾವಾಗಲೂ ಹಾಡು ನೆನಪಿಟ್ಟುಕೊಂಡು ಊದುತ್ತಾರೆ, ಆದರೆ ಕಣ್ಣು ಹೆಣ್ಣಿನ ಕಾಲ ಮೇಲೆ ಇರುತ್ತದೆ ಅಂತ ಗೆಳೆಯ ಹೇಳಿದ. ರೇಷ್ಮೆ ಸೀರೆ ಉಟ್ಟು, ಬಾಸಿಂಗ ಕಟ್ಟಿ, ನಿದ್ದೆಗೆಟ್ಟ ಹುಡುಗಿ ಎಷ್ಟು ನಿಧಾನ ನಡೆಯುತ್ತಾಳೋ ಕಾಲ ಅಷ್ಟು ನಿಧಾನ. ಬಾಗಿಲಲ್ಲಿ ತಡವಾದರೆ ರಾಗವನ್ನು ಇನ್ನೊಂದು ಸುತ್ತು ಬೆಳೆಸುತ್ತಾರೆ. ಯಾರೋ ಅತ್ತೆ ಅಡ್ಡ ಬಂದು ಆರತಿ ಎತ್ತಿದರೆ ಅಲ್ಲೇ ಒಂದು ಸ್ವರದ ಮೇಲೆ ನಿಲ್ಲುತ್ತಾರೆ. ಮಣೆ ಮೇಲೆ ಕಾಲಿಟ್ಟ ಕ್ಷಣಕ್ಕೆ ಮುಕ್ತಾಯ. ಡೋಲಿನವನ ಕಣ್ಣು ಪುರೋಹಿತರ ಕೈ ಮೇಲೆ. ತೆರೆ ಇಳಿಯಬೇಕು, ಜೀರಿಗೆ ಬೆಲ್ಲ ಬೀಳಬೇಕು, ಧಾರೆ ಎರೆಯಬೇಕು, ಪುರೋಹಿತರು ಬೆರಳೆತ್ತಿ "ಗಟ್ಟಿಮೇಳ" ಅನ್ನಬೇಕು, ಆಗ ಎರಡು ಕೈಯಲ್ಲೂ ಬಡಿಯಬೇಕು. ಆ ಹೊತ್ತಿಗೆ ಕೆಟ್ಟ ಮಾತಾಗಲಿ ಸೀನಾಗಲಿ ಯಾರ ಕಿವಿಗೂ ಬೀಳಬಾರದು ಅನ್ನುವುದು ಹಿರಿಯರು ಹೇಳುವ ಕಾರಣ. ಹಿಂದಿನ ಸಾಲಿನವರು ಅಕ್ಷತೆ ಎಸೆಯುವುದು, ಅಡಿಗೆಮನೆಯವರು ಎಲೆ ಹಾಸಲು ಏಳುವುದು ಕೂಡ ಅದೇ ಸದ್ದಿಗೆ. ತಾಳಿ ಕಟ್ಟುವಾಗ ಯಾವ ರಾಗ ಅಂತ ಯಜಮಾನರನ್ನು ಕೇಳಿದೆ. "ನಾನು ಆನಂದಭೈರವಿ ಹಿಡೀತೀನಪ್ಪ, ಆ ಗಲಾಟೆಯಲ್ಲಿ ಕೇಳೋರು ಯಾರು? ಆದ್ರೂ ಅದೇ ಹಿಡೀತೀನಿ" ಅಂದರು.

ನಾನು ಕಂಪನಿಯಲ್ಲಿ ಮಾಡುವ ಕೆಲಸವೂ ಇದೇ ಜಾತಿಯದ್ದು. ಏನೋ ಒಂದು ಘಟನೆ ನಡೆಯಬೇಕು, ಅದನ್ನು ನೋಡಿ ಪ್ರೋಗ್ರಾಮು ಮುಂದಿನ ಹೆಜ್ಜೆ ಇಡಬೇಕು. ಇದನ್ನು ಬರೆಯಲು ನಾವು ಇಪ್ಪತ್ತು ಜನ ಇದ್ದೇವೆ, ಆದರೂ ವಾರಕ್ಕೊಮ್ಮೆ ತಪ್ಪುತ್ತದೆ. ನಾನು ತಂಗಿಯ ಮದುವೆಗೆ ತಂದದ್ದು ಮೂರು ನಿಮಿಷ ನಲವತ್ತು ಸೆಕೆಂಡಿನ ಒಂದು ಫೈಲು. ಅದಕ್ಕೆ ಕುಚ್ಚು ಸಿಕ್ಕಿಕೊಂಡದ್ದು ಕಾಣುವುದಿಲ್ಲ. ಹುಡುಗಿಯೇ ಓಡಿ ಹಾಡಿನ ಹೆಜ್ಜೆ ಹಿಡಿಯಬೇಕು.

ವಾದ್ಯ ಬದಲಾಗಬಾರದು ಅಂತ ನಾನು ಹೇಳುವುದಿಲ್ಲ. ದಕ್ಷಿಣ ಕನ್ನಡದ ಮದುವೆಗಳಲ್ಲಿ ಈಗ ಸ್ಯಾಕ್ಸೋಫೋನ್ ಕೇಳುತ್ತೀರಿ. ಕದ್ರಿ ಗೋಪಾಲನಾಥರು (1949–2019) ನಾದಸ್ವರ ನುಡಿಸುವವರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮನಸೋತು, ಆ ಪಾಶ್ಚಾತ್ಯ ವಾದ್ಯದಲ್ಲಿ ನಮ್ಮ ರಾಗಗಳನ್ನು ತಂದರು. 2004ರಲ್ಲಿ ಪದ್ಮಶ್ರೀ ಬಂತು. ಆ ಕಡೆ ನನ್ನ ಹೆಂಡತಿಯ ನೆಂಟರ ಮದುವೆಗೆ ಹೋಗಿದ್ದಾಗ ಗಮನಿಸಿದೆ. ಸ್ಯಾಕ್ಸೋಫೋನಿನವರೂ ಮದುಮಗಳನ್ನು ನೋಡಿಕೊಂಡೇ ಊದುತ್ತಾರೆ. ಉತ್ತರ ಕರ್ನಾಟಕದವರು ಶಹನಾಯಿಯನ್ನು ಸನಾದಿ ಅನ್ನುತ್ತಾರೆ. ಇಲ್ಲಿರುವ ಹಿರಿಯರು 1977ರ 'ಸನಾದಿ ಅಪ್ಪಣ್ಣ' ನೋಡಿರುತ್ತೀರಿ, ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿ. ಪರದೆಯ ಮೇಲೆ ಊದುವವರು ರಾಜಕುಮಾರ್, ನಿಜವಾಗಿ ಊದಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. 2001ರಲ್ಲಿ ಭಾರತ ರತ್ನ ಪಡೆದವರು. ಅವರ ಮನೆತನವೂ ಊದುವವರದ್ದೇ. ಟೆಂಟಿನಲ್ಲಿ ಕೂತು ಆ ಚಿತ್ರಕ್ಕೆ ಕಣ್ಣೀರು ಹಾಕಿದ ನಮ್ಮವರೇ ಛತ್ರದಲ್ಲಿ ವಾಲಗದವರಿಗೆ "ಮುಂದಿನ ಪಂಕ್ತಿ" ಅನ್ನುತ್ತಾರೆ. ಗುಡಿಗಳಲ್ಲಂತೂ ಈಗ ಮಂಗಳಾರತಿಗೆ ಕರೆಂಟಿನ ನಗಾರಿ ಬಂದಿದೆ. ಅದಕ್ಕೆ ಊಟವೇ ಬೇಡ.

ಇನ್ನು ಅಜ್ಜಿಯ ಮಾತು. ಅವತ್ತಿನ ಮದುವೆಯಲ್ಲಿ ಅಜ್ಜಿ, ಅವರ ಓರಗೆಯ ನಾಲ್ಕು ಜನ ಹಸೆಮಣೆಯ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಕೂತಿದ್ದರು. ನಾನು ಗಮನಿಸಿಯೂ ಇರಲಿಲ್ಲ. ಫೋಟೋದವರು ಅಡ್ಡ ಬರುತ್ತದೆ ಅಂತ ಹಿಂದಕ್ಕೆ ಕಳಿಸಿದ್ದರು. ಮದುವೆಯಾದ ಮೂರನೆಯ ದಿನ ಎಲೆ ಅಡಿಕೆ ಹಾಕಿಕೊಳ್ಳುತ್ತ, "ನಮ್ಮ ಪದ ಯಾವಾಗ ಕೇಳ್ತೀರೋ ಅಂತ ಕಾಯ್ತಾ ಇದ್ವಿ ಕಣಪ್ಪ" ಅಂದರು. ಬೈಯಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ.

ಮುಂದಿನ ವರ್ಷ ಫೋನು ಹಿಡಿದು ಅಜ್ಜಿಯ ಮುಂದೆ ಕೂತೆ. ಹನ್ನೊಂದು ಪದ ಸಿಕ್ಕವು. ಅರಿಶಿನದ ಪದ, ಬೀಗರನ್ನು ಛೇಡಿಸುವ ಪದ, ಹೆಣ್ಣು ಒಪ್ಪಿಸುವ ಪದ. ಮಧ್ಯೆ ಮಧ್ಯೆ ನಿಂತುಬಿಡುತ್ತಿದ್ದರು. "ಸೊಲ್ಲು ಹಿಡಿಯೋರಿಲ್ಲದೆ ಬರೋದಿಲ್ಲ" ಅಂದರು. ಅದು ನಿಜ. ಸೊಲ್ಲಿನವರು ತಿರುಗಿ ಹೇಳುವಷ್ಟರಲ್ಲಿ ಮುಂದಿನ ಸಾಲು ನೆನಪಾಗಬೇಕು, ಅದೇ ಆ ಪದಗಳ ಕಟ್ಟು. ಹಸೆಗೆ ಕರೆಯುವ ಪದವನ್ನು ಕೊನೆಗೆ ಶುರು ಮಾಡಿದರು. ಹೆಣ್ಣು ಬರಲೊಲ್ಲಳು. ಅವ್ವ ಕರೆಯುತ್ತಾಳೆ, ಬರುವುದಿಲ್ಲ. ಅತ್ತಿಗೆ ಕರೆಯುತ್ತಾಳೆ, ಬರುವುದಿಲ್ಲ. ಅಷ್ಟಾಗುವಾಗ ನನಗೆ ಆಫೀಸಿನಿಂದ ಫೋನು ಬಂತು. ರೆಕಾರ್ಡಿಂಗ್ ನಿಂತಿತು. ಭಾನುವಾರವೇ ಆದರೂ ಎದ್ದು ಹೊರಗೆ ಹೋಗಿ ಮುಕ್ಕಾಲು ಗಂಟೆ ಮಾತಾಡಿದೆ. ವಾಪಸು ಬಂದಾಗ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದರು. "ನಾಳೆ ಹೇಳ್ತೀನಿ ಬಿಡು" ಅಂದರು. ನಾಳೆ ನಾನು ಬೆಂಗಳೂರಿನಲ್ಲಿದ್ದೆ. ಆ ಫೋನಿನಲ್ಲಿ ಏನು ಮಾತಾಡಿದೆ ಅಂತ ಇವತ್ತು ನನಗೆ ಒಂದಕ್ಷರ ನೆನಪಿಲ್ಲ.

ಅಜ್ಜಿ 2020ರಲ್ಲಿ ಹೋದರು. ಆ ಹನ್ನೊಂದು ಪದಗಳನ್ನು ಮೂರು ಕಡೆ ಜೋಪಾನ ಮಾಡಿದ್ದೇನೆ. ಹನ್ನೆರಡನೆಯದು ಒಂದು ನಿಮಿಷ ಹತ್ತು ಸೆಕೆಂಡು ಇದೆ. ಅದರಲ್ಲಿ ಹೆಣ್ಣು ಇನ್ನೂ ಕೋಣೆಯಲ್ಲೇ ಇದ್ದಾಳೆ.

ಆದ್ದರಿಂದ ಇಲ್ಲಿರುವ ತಾಯಂದಿರಲ್ಲಿ ಒಂದು ಕೋರಿಕೆ. ಆ ಪದ ಬಲ್ಲವರು ಯಾರಾದರೂ ಇದ್ದರೆ, ಸೋದರಮಾವ ಬಂದು ಏನು ಹೇಳಿದ ಮೇಲೆ ಅವಳು ಎದ್ದು ಬಂದಳು ಅಂತ ನನಗೆ ಹೇಳಬೇಕು. ಪೂರ್ತಿ ಬಾರದಿದ್ದರೂ ಚಿಂತೆಯಿಲ್ಲ, ಇಬ್ಬರು ಮೂವರು ಕೂತರೆ ಬರುತ್ತದೆ. ಊಟ ಆದ ಮೇಲೆ ಎಂಟನೆಯ ತರಗತಿಯ ಕೋಣೆಯಲ್ಲಿ ಕೂತಿರುತ್ತೇನೆ. ಫೋನ್ ಸೈಲೆಂಟ್ ಮಾಡಿರುತ್ತೇನೆ. ಮಕ್ಕಳೇ, ನಿಮ್ಮ ಮನೆಯಲ್ಲಿ ಪದ ಬಲ್ಲ ಅಜ್ಜಿ ಇದ್ದರೆ ನೀವೂ ಫೋನು ಹಿಡಿದು ಕೂರಿ. ಜೊತೆಗೆ ಸೊಲ್ಲು ಹಿಡಿಯಲು ಇಬ್ಬರನ್ನು ಕೂರಿಸಿಕೊಳ್ಳಿ.

ನನ್ನ ಗೆಳೆಯನ ಮಗ ಇದೇ ಶಾಲೆಯಲ್ಲಿ ಒಂಬತ್ತನೆಯ ತರಗತಿ. ಅರ್ಜಿಯಲ್ಲಿ ತಂದೆಯ ಕೆಲಸ ಅನ್ನುವ ಕಡೆ 'ಖಾಸಗಿ' ಅಂತ ಬರೆಯುತ್ತಿದ್ದನಂತೆ. ಹುಡುಗ ತಾತನ ಹತ್ತಿರ ನಾದಸ್ವರ ಕಲಿಯುತ್ತಿದ್ದಾನೆ. ಇನ್ನೂ ಬಿಡಬಹುದು, ಹಿಡಿಯಬಹುದು, ಅದು ಅವನ ಇಷ್ಟ. ನಾನು ಓದಿದ ಹಾಗೆ ಬಿ.ಇ. ಓದಬೇಕು ಅಂತಲೂ ಅವನಿಗೆ ಇದೆ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಿಂದ ಇಲ್ಲಿಯವರೆಗೆ ಮೆರವಣಿಗೆಯ ಮುಂದೆ ಮೂರು ತಲೆಮಾರು ಒಟ್ಟಿಗೆ ನಡೆದದ್ದನ್ನು ನೀವು ನೋಡಿದಿರಿ. ಯಜಮಾನರಿಗೆ ವಯಸ್ಸಾಗಿದೆ, ಎರಡು ಕಡೆ ನಿಂತು ನಿಂತು ಊದಿದರು. ಅವರು ನಿಂತ ಕಡೆ ಇಡೀ ಮೆರವಣಿಗೆ ನಿಂತಿತು.

ಗಂಟೆ ಒಂದೂಕಾಲು. ಮೊದಲ ಪಂಕ್ತಿಗೆ ಎಲೆ ಹಾಕಿದ್ದಾರೆ ಅಂತ ಅಡಿಗೆಯವರು ಸನ್ನೆ ಮಾಡುತ್ತಿದ್ದಾರೆ. ಆ ಪಂಕ್ತಿಯ ಬಾಗಿಲ ಕಡೆಯ ಐದು ಎಲೆ ವಾಲಗದವರದ್ದು. ದಯವಿಟ್ಟು ಬೇರೆ ಯಾರೂ ಕೂರಬೇಡಿ.